11 ವಾರದ ಮಗುವನ್ನು ಬಿಟ್ಟು ಮದುವೆಗೆ ಹೋದ ದಿನ

ಮಗುವಿನ ಹೊಟ್ಟೆಗೆ ಎಷ್ಟು ಹಾಲು ಬೇಕು ಅಂತ ಚೀಟಿಯಲ್ಲಿ ಮಿಲಿ ಲೆಕ್ಕ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ನನ್ನ ಎದೆ ಎಷ್ಟು ಹೊತ್ತು ತಡೆಯುತ್ತದೆ ಅನ್ನೋದನ್ನು ಮಾತ್ರ ಯೋಚಿಸಿರಲಿಲ್ಲ. ಪೇಚಿಗೆ ಸಿಕ್ಕಿದ್ದು ಅಲ್ಲೇ.

ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿದ್ದ ಗೆಳತಿಯ ಮದುವೆ, ಏಪ್ರಿಲಿನಲ್ಲಿ, ವಿರಾಜಪೇಟೆಯಲ್ಲಿ. ನಾನು ಬಾಣಂತನಕ್ಕೆ ಸೋಮವಾರಪೇಟೆ ಹತ್ತಿರದ ತವರುಮನೆಯಲ್ಲಿದ್ದೆ. ಮಡಿಕೇರಿ ಮೇಲೆ ಹೋದರೆ 70 ಕಿಲೋಮೀಟರ್ ಹತ್ತಿರ. ಎರಡು ಗಂಟೆ ದಾರಿ, ಅದೂ ಬರೀ ತಿರುವು. ಮಗುವನ್ನೂ ಕರೆದುಕೊಂಡು ಹೋಗಬಹುದಿತ್ತಲ್ವಾ ಅಂತ ಆಮೇಲೆ ಎಷ್ಟೋ ಜನ ಕೇಳಿದರು. ಆ ತಿರುವು, ವಾಲಗದ ಸದ್ದು, ಕಂಡವರೆಲ್ಲ ಎತ್ತಿ ಮುದ್ದಾಡುವ ಗದ್ದಲ, ಯಾವುದೂ ಬೇಡ ಅನಿಸಿತ್ತು.

ಅಜ್ಜಿಗೆ ಸಿಟ್ಟು ಬಂತು. "ಮೂರು ತಿಂಗಳು ತುಂಬಿಲ್ಲ, ಹಸಿ ಬಾಣಂತಿ, ಹೊಸ್ತಿಲು ದಾಟೋದಾ?" ಅಂದರು. ಅಮ್ಮ ಒಂದೇ ಮಾತು ಹೇಳಿದಳು. "ಹೋಗಿ ಬಾ. ಒಳಲೇಲಿ ಕುಡಿಸೋಕೆ ನನಗೆ ಬರುತ್ತೆ. ಹಾಲು ಮಾತ್ರ ನೀನು ಇಟ್ಟು ಹೋಗು." ಒಳಲೆ ಅಂದರೆ ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಸಣ್ಣ ಬಟ್ಟಲು.

ಆ "ಇಟ್ಟು ಹೋಗು" ಅನ್ನೋದೇ ದೊಡ್ಡ ಕೆಲಸ. ಮೆಡಿಕಲ್ ಶಾಪಿನಿಂದ ಒಂದು ಕೈ ಪಂಪ್ ತರಿಸಿದೆ. ಅದರ ಬಾಯಿ ನನಗೆ ಸರಿಯಾದ ಅಳತೆಯದಲ್ಲ ಅಂತ ಕಾಣುತ್ತದೆ, ತೊಟ್ಟು ಉರಿದು ಹೋಯಿತು. 20 ನಿಮಿಷ ಒತ್ತಿದರೂ ತಳ ಒದ್ದೆಯಾಗುವಷ್ಟೇ ಹಾಲು. ನನಗೆ ಹಾಲೇ ಇಲ್ಲ ಅಂತ ಅತ್ತುಬಿಟ್ಟೆ. ಮಗುವನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ಅಕ್ಕ ಪಂಪನ್ನು ಪಕ್ಕಕ್ಕಿಟ್ಟು, "ಕೈಯಲ್ಲೇ ಹಿಂಡು, ನಾನು ತೋರಿಸ್ತೀನಿ" ಅಂದರು.

ಅವರು ಕಲಿಸಿದ್ದು ಹೀಗೆ. ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು, ಹಗುರವಾಗಿ ನೀವಬೇಕು. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ. ತೊಟ್ಟನ್ನು ಹಿಡಿಯಬಾರದು. ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಹಿಡಿದು, ಮೊದಲು ಪಕ್ಕೆಲುಬಿನ ಕಡೆಗೆ ಹಿಂದಕ್ಕೆ ಒತ್ತಬೇಕು, ಆಮೇಲೆ ಬೆರಳು ಕೂಡಿಸಬೇಕು, ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಿಸಬಾರದು. ಜಾಗ ಬದಲಿಸುತ್ತಾ ಸುತ್ತ ಹಾಗೇ ಮಾಡುತ್ತಾ ಹೋಗಬೇಕು. ಮೊದಲ ಒಂದೆರಡು ನಿಮಿಷ ಏನೂ ಬರಲಿಲ್ಲ. ಆಮೇಲೆ ಹನಿ, ಅದಾದ ಮೇಲೆ ಸಣ್ಣ ಎಳೆಯಾಗಿ ಲೋಟಕ್ಕೆ ಚಿಮ್ಮಿತು. ಅಮ್ಮ ಬಾಗಿಲಲ್ಲಿ ನಿಂತು, "ಕರು ಬಾಯಿ ಹಾಕದೆ ಹಸು ಹಾಲು ಇಳಿಸುತ್ತಾ? ಮಗೂನ ಪಕ್ಕದಲ್ಲಿ ಮಲಗಿಸ್ಕೋ" ಅಂದಳು. ಹೌದು, ಮಗು ಕಣ್ಣೆದುರಿಗಿದ್ದರೆ ಬೇಗ ಇಳಿಯುತ್ತಿತ್ತು. ನನಗೆ ಬೆಳಗಿನ ಜಾವದ್ದೇ ಜಾಸ್ತಿ. ಐದು ಗಂಟೆಗೆ ಮಗು ಒಂದು ಕಡೆ ಕುಡಿದು ಮಲಗಿದ ಮೇಲೆ ಇನ್ನೊಂದು ಕಡೆಯಿಂದ 40-50 ಮಿಲಿ ಸಿಗುತ್ತಿತ್ತು.

ಎಷ್ಟು ಬೇಕು? ಈ ವಯಸ್ಸಿನ ಮಗುವಿಗೆ ಗಂಟೆಗೆ ಸುಮಾರು 30 ಮಿಲಿ ಲೆಕ್ಕ ಹಿಡಿ ಅಂದಿದ್ದರು ಮಕ್ಕಳ ಡಾಕ್ಟರ್. ನಾನು ಹೊರಗಿರುವುದು 9 ಗಂಟೆ. 270 ಮಿಲಿ ಆಯಿತು. ಚೆಲ್ಲುವುದಕ್ಕೂ ಸೇರಿಸಿ 330 ಅಂದುಕೊಂಡೆ. ಹಿಂಡಿದ ಹಾಲು ಹೊರಗೆ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇರುತ್ತದೆ. ಬಾಗಿಲ ಕಡೆ ಇಡಬಾರದು. ನಮ್ಮದು ಒಂದೇ ಬಾಗಿಲ ಹಳೇ ಫ್ರಿಜ್, ಅದರ ಫ್ರೀಜರನ್ನು ನಂಬುವ ಹಾಗಿಲ್ಲ. ಹಾಗಾಗಿ ಕೊನೆಯ ನಾಲ್ಕು ದಿನದಲ್ಲಿ ಕೂಡಿಸುವುದು ಅಂತ ಆಯಿತು. ಕುದಿಸಿ ಒಣಗಿಸಿದ ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ 60 ಮಿಲಿಯಂತೆ ಇಟ್ಟು, ದಿನ, ಹೊತ್ತು ಬರೆದ ಚೀಟಿ ಅಂಟಿಸಿದೆ. ಬಾಯಿ ಹಾಕಿ ಬಿಟ್ಟ ಹಾಲನ್ನು 2 ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ದೊಡ್ಡ ಡಬ್ಬಿ ಇಟ್ಟರೆ ಚೆಲ್ಲುವುದೇ ಜಾಸ್ತಿ.

ಎರಡನೇ ದಿನ ಸಂಜೆ ಮಳೆ ಬಂತು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ. ಅಪ್ಪ ಅಂಗಳದಲ್ಲಿ ನಿಂತು ಮಳೆ ಅಳೆಯುತ್ತಿದ್ದಾರೆ, ಪಕ್ಕದ ತೋಟದವರು ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು ಇಂಚು?" ಅಂತ ಕೇಳುತ್ತಿದ್ದಾರೆ, ಮನೆಯೆಲ್ಲ ಹಬ್ಬ. ಕರೆಂಟ್ ಹೋದದ್ದು ಬಂದದ್ದು ಮಾರನೇ ದಿನ ಬೆಳಿಗ್ಗೆ. 10 ಗಂಟೆಗೂ ಮೇಲೆ ಫ್ರಿಜ್ ಸತ್ತಿತ್ತು, ನಡುವೆ ಯಾರೋ ಬಾಗಿಲನ್ನೂ ತೆಗೆದಿದ್ದರು. ಒಳಗಿದ್ದ 150 ಮಿಲಿ ಹಾಲು ಮುಟ್ಟಿದರೆ ತಣ್ಣಗೇ ಇರಲಿಲ್ಲ. ಚೆಲ್ಲದೆ ಬೇರೆ ದಾರಿ ಇರಲಿಲ್ಲ. ಸಿಂಕಿಗೆ ಬಗ್ಗಿಸಲು ಹೋದರೆ ಅಜ್ಜಿ ಕೈ ಹಿಡಿದರು. "ತುಳಿಯೋ ಕಡೆ ಹಾಕಬೇಡ, ಗಿಡದ ಬುಡಕ್ಕೆ ಹಾಕು." ಹಿತ್ತಲ ಬಟರ್‌ಫ್ರೂಟ್ ಗಿಡಕ್ಕೆ ಹಾಕಿ ಬಂದೆ. ಉಳಿದ ಎರಡು ದಿನ ಹಗಲೂ ರಾತ್ರಿ ಹಿಂಡಿದೆ. 330 ಆಗಲಿಲ್ಲ, 290ಕ್ಕೆ ನಿಂತಿತು.

ಒಳಲೆಯ ಅಭ್ಯಾಸ ಮೊದಲೇ ಆಗಿತ್ತು. ಅಜ್ಜಿ ನನಗೆ ಕುಡಿಸಿದ ಬೆಳ್ಳಿ ಒಳಲೆ ತೆಗೆದುಕೊಟ್ಟರು. ಅದರ ಮೂಗಿನ ಒಳಗೆ ಕರಿ ಕೂತಿತ್ತು, ಉಜ್ಜಲು ಬರುವುದಿಲ್ಲ. ಅದನ್ನು ತೊಟ್ಟಿಲ ಪಕ್ಕ ಇಟ್ಟು, ಸ್ಟೀಲಿನದು ತಂದು ಕುದಿಸಿ ಬಳಸಿದೆವು. ನಾನು ಕುಡಿಸಲು ಕೂತರೆ ಮಗು ಎದೆ ಹುಡುಕಿ ರಂಪ ಮಾಡುತ್ತಿತ್ತು, ನಾನು ಕೋಣೆ ಬಿಟ್ಟರೆ ಅಮ್ಮನ ಕೈಯಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ಫ್ರಿಜ್ಜಿನ ಹಾಲಿನಲ್ಲಿ ಕೆನೆ ಮೇಲೆ ಬಂದದ್ದು ನೋಡಿ ಅಮ್ಮ, "ಒಡೆದಿದೆ ಕಣೇ" ಅಂದಳು. ಒಡೆದಿರಲಿಲ್ಲ. ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟು ಮೆಲ್ಲಗೆ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಒಲೆಯ ಮೇಲೆ ಮಾತ್ರ ಇಡಬೇಡ ಅಂತ ಹತ್ತು ಸಲ ಹೇಳಿದೆ.

ಮದುವೆ ದಿನ ಎಂಟಕ್ಕೆ ಕುಡಿಸಿ ಹೊರಟೆ. ಇವರು ಕಾರು ಓಡಿಸಿದರು. ಗೆಳತಿಯ ಆಸೆಯಂತೆ ನಾವೆಲ್ಲ ಕೊಡವರ ಹಾಗೆ ಸೀರೆ ಉಟ್ಟಿದ್ದೆವು. ನೆರಿಗೆ ಹಿಂದಕ್ಕೆ, ಸೆರಗನ್ನು ಎಡಗಂಕುಳಡಿಯಿಂದ ಬಿಗಿಯಾಗಿ ಎದೆ ಮೇಲೆ ತಂದು ಬಲ ಭುಜಕ್ಕೆ ಪಿನ್. ಚೆಂದವೇನೋ ಹೌದು. ಹಾಲುಣಿಸುವವಳು ಉಡುವ ಸೀರೆ ಅದಲ್ಲ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ಮುಹೂರ್ತಕ್ಕೆ ಸಾಲಿನಲ್ಲಿ ನಿಂತೆ. ಒಬ್ಬೊಬ್ಬರೇ ಹೋಗಿ ಮದುಮಗಳ ಮೊಣಕಾಲು, ಭುಜ, ತಲೆಗೆ ಅಕ್ಕಿ ಹಾಕಿ, ಕಿಂಡಿಯಿಂದ, ಅಂದರೆ ಮೂತಿಯಿರುವ ಪುಟ್ಟ ಚೆಂಬಿನಿಂದ, ಒಂದು ಗುಟುಕು ಹಾಲು ಕುಡಿಸಿ, ಹಣ ಕೊಟ್ಟು ಬರುವುದು. ಸಾಲು ಮುಂದೆ ಹೋಗುವುದೇ ಇಲ್ಲ. ಹನ್ನೊಂದೂವರೆ ಆಗಿತ್ತು. ಎದೆ ಕಲ್ಲಾಗಿ, ಕಂಕುಳವರೆಗೆ ನೋವು ಎಳೆಯುತ್ತಿತ್ತು. ನನ್ನ ಸರದಿ ಬಂದು ಕಿಂಡಿ ಕೈಗೆತ್ತಿಕೊಂಡೆ. ಆ ಉದ್ದ ಮೂತಿ, ಅದರ ತುದಿಯ ಹಾಲು, ಥೇಟ್ ನಮ್ಮನೆ ಒಳಲೆ. ಅದೇ ಹೊತ್ತಿಗೆ ಹಿಂದೆಲ್ಲೋ ಒಂದು ಕೂಸು ಅತ್ತಿತು. ಜುಮ್ಮೆಂದು ಎರಡೂ ಕಡೆ ಇಳಿಯಿತು. ಹಳೇ ಪಂಚೆ ಮಡಚಿ ಇಟ್ಟುಕೊಂಡಿದ್ದ ಬಟ್ಟೆ ದಾಟಿ ರವಿಕೆ, ರವಿಕೆ ದಾಟಿ ರೇಷ್ಮೆ. ಗೆಳತಿ ಮುಸುಕಿನೊಳಗಿಂದಲೇ ನೋಡಿ, "ಹೋಗೇ, ಮೊದಲು ಹೋಗು" ಅಂತ ಪಿಸುಗುಟ್ಟಿದಳು.

ಹೋಗುವುದು ಎಲ್ಲಿಗೆ? ಮದುಮಗಳ ಕೋಣೆಯಲ್ಲಿ ಹತ್ತು ಜನ. ಟಾಯ್ಲೆಟ್‌ನಲ್ಲಿ ನಿಂತು ಮಗು ಕುಡಿಯೋ ಹಾಲು ಹಿಂಡಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಕಾರಿನ ಹಿಂದಿನ ಸೀಟು. ಕಿಟಕಿಗೆ ಟವೆಲ್ ಸಿಕ್ಕಿಸಿ ಇವರು ಹೊರಗೆ ಕಾವಲು ನಿಂತರು. ಬಾಟಲಿ ನೀರಲ್ಲಿ ಕೈ ತೊಳೆದು, ಭುಜದ ಪಿನ್ ಬಿಚ್ಚಿ, ಫೋನಿನಲ್ಲಿ ಮಗುವಿನ ವಿಡಿಯೋ ಹಾಕಿಕೊಂಡೆ. ಗಟ್ಟಿಯಾದ ಎದೆಯಿಂದ ಮೊದಲು ಬರುವುದೇ ಇಲ್ಲ, ಬಂದ ಮೇಲೆ ನಿಲ್ಲುವುದಿಲ್ಲ. ಅರ್ಧ ಗಂಟೆಯಲ್ಲಿ 140 ಮಿಲಿ. ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿ ತಂದಿದ್ದು ಒಳ್ಳೆಯದಾಯಿತು. ಈಗ ಯಾರಾದರೂ ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ: ಮನೆಯಲ್ಲಿ ಮಗು ಕುಡಿಯೋ ಹೊತ್ತಿಗೆ ನೀವೂ ಎಲ್ಲಿದ್ದರೂ ಹಿಂಡಿಬಿಡಿ, ಎರಡೂವರೆ ಮೂರು ಗಂಟೆ ದಾಟಿಸಬೇಡಿ. ಕಟ್ಟಿಕೊಂಡರೆ ಗಂಟಾಗುತ್ತದೆ, ಜ್ವರವೂ ಬರಬಹುದು.

ಊಟಕ್ಕೆ ಕೂತಾಗ ಒಬ್ಬರು ಮನೆಯಲ್ಲೇ ಮಾಡಿದ ವೈನ್ ಮುಂದಿಟ್ಟು, "ಕುಡಿ, ಆಮೇಲೆ ಒಂದು ಸಲ ಹಿಂಡಿ ಚೆಲ್ಲಿದ್ರಾಯ್ತು" ಅಂದರು. ಹಾಗೆ ಆಗುವುದಿಲ್ಲ. ರಕ್ತದಲ್ಲಿ ಇರುವಷ್ಟು ಹೊತ್ತು ಹಾಲಿನಲ್ಲೂ ಇರುತ್ತದೆ, ಹಿಂಡಿದರೆ ಬೇಗ ಹೋಗುವುದಿಲ್ಲ. ನಾನು ಕಡಂಬಿಟ್ಟು ತಿಂದು ಎದ್ದೆ.

ದಾರಿಯಲ್ಲಿ ಸುಮಾರು ಕಡೆ ನೆಟ್‌ವರ್ಕ್ ಇಲ್ಲ. ಮಡಿಕೇರಿಗೆ ಬಂದಾಗ ಅಮ್ಮನ ಮೆಸೇಜ್‌ಗಳು ಒಟ್ಟಿಗೆ ಬಂದವು. ಮೊದಲನೇ ಸಲ ಉಗಿದು ಅತ್ತ, ಎರಡನೇ ಸಲ 70 ಕುಡಿದ, ಮೂರನೇ ಸಲ 80, ಈಗ ಅಜ್ಜಿ ತೊಡೆ ಮೇಲೆ ನಿದ್ದೆ. ಐದು ಗಂಟೆಗೆ ಮನೆ ಮುಟ್ಟಿ, ಕೈಕಾಲು ತೊಳೆದು ಎತ್ತಿಕೊಂಡು ಕುಡಿಸಿದರೆ ಹಾಲಿನ ರಭಸಕ್ಕೆ ನೆತ್ತಿಗೆ ಹತ್ತಿ ಕೆಮ್ಮಿದ. ಸ್ವಲ್ಪ ಹಿಂಡಿ ಹಗುರ ಮಾಡಿ ಮತ್ತೆ ಕೊಟ್ಟೆ. ಒಂದು ಕೈಯಲ್ಲಿ ನನ್ನ ಸರಪಳಿ ಹಿಡಿದು ಮುಕ್ಕಾಲು ಗಂಟೆ ಬಿಡಲೇ ಇಲ್ಲ.

ರೇಷ್ಮೆಯ ಮೇಲಿನ ಕಲೆ ಇನ್ನೂ ಹೋಗಿಲ್ಲ. ಥರ್ಮಾಕೋಲ್ ಡಬ್ಬಿಯ ಹಾಲನ್ನು "ವಿರಾಜಪೇಟೆ, 12.20" ಅಂತ ಬರೆದು ಫ್ರಿಜ್ಜಿನಲ್ಲಿಟ್ಟಿದ್ದೆ. ಮಾರನೇ ದಿನ ನಾನು ಎಣ್ಣೆ ಸ್ನಾನಕ್ಕೆ ಕೂತಾಗ ಅಮ್ಮ ಅದನ್ನು ಒಳಲೆಗೆ ಬಗ್ಗಿಸುತ್ತಾ, "ಬಾರೋ, ಮದುವೆಮನೆ ಹಾಲು ಬಂದಿದೆ" ಅಂತ ಕರೆಯುತ್ತಿದ್ದಳು.