ಖಾರ್ಕಿವ್ ಬ್ಯಾಚಿನ ಹಾಜರಿ: ಒಂದು ‘+’ ಸಾಕು

ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಜೊತೆ ವೈದ್ಯಕೀಯ ಓದಿದವರೆಲ್ಲ ಕ್ಷೇಮವಾಗಿದ್ದಾರೋ ಅಂತ ಆಗಾಗ ತಿಳಿಯಲು ನಾನೊಂದು ಶೀಟ್ ಇಟ್ಟಿದ್ದೇನೆ, ಅದಕ್ಕೆ ಹಾಜರಿ ಅನ್ನುತ್ತೇವೆ. ಪಟ್ಟಿಯಲ್ಲಿರುವವರು 64 ಜನ. ಕರ್ನಾಟಕದವರು ಇಪ್ಪತ್ತರ ಆಸುಪಾಸು, ಬೇರೆ ರಾಜ್ಯದವರು ಅಷ್ಟೇ ಮಂದಿ, ನೈಜೀರಿಯಾ–ಮೊರಾಕ್ಕೊದವರು ಏಳೆಂಟು, ಮಿಕ್ಕವರು ಉಕ್ರೇನಿನವರೇ. ಕಳೆದ ನಾಲ್ಕು ಹಾಜರಿಗಳಲ್ಲಿ 55ಕ್ಕಿಂತ ಕಡಿಮೆ ಬಂದದ್ದಿಲ್ಲ. ‘ವಾಟ್ಸಾಪ್ ಗ್ರೂಪ್ ಇದೆಯಲ್ಲ ಮಾರಾಯ, ಇದೆಲ್ಲ ಯಾಕೆ’ ಅಂದವರೇ ಈಗ ತಮ್ಮ ಬ್ಯಾಚಿಗೂ ಈ ಶೀಟ್ ಬೇಕು ಅನ್ನುತ್ತಿದ್ದಾರೆ. ಹಾಗಾಗಿ ಬರೆದಿದ್ದೇನೆ.

ಗ್ರೂಪ್ ಯಾಕೆ ಸೋತಿತು ಅನ್ನುವುದು ಮೊದಲು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ನವೀನ್ ಶೇಖರಪ್ಪ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಸುದ್ದಿ ಬಂದ ಮೇಲೆ, ಬಂಕರಿನಲ್ಲಿ ಮತ್ತು ಮೆಟ್ರೊ ಸ್ಟೇಷನ್ನಿನಲ್ಲಿ ಕೂತವರ ಫೋನಿಗೆ ಊರಿನಿಂದ ಒಂದೇ ಪ್ರಶ್ನೆ ನೂರು ಸಲ. ಹೇಳಬೇಕಾದ್ದು ಒಂದು ಮಾತು, ಖರ್ಚಾದದ್ದು ಇಡೀ ಬ್ಯಾಟರಿ. ನಾವೆಲ್ಲ ಮನೆ ಸೇರಿದ ಮೇಲೆ ಗ್ರೂಪ್ ಪೂರ್ತಿ ಕಾಲೇಜು ವರ್ಗಾವಣೆ, ಎನ್‌ಎಂಸಿ (ನಮ್ಮ ವೈದ್ಯಕೀಯ ಆಯೋಗ) ಸುತ್ತೋಲೆ, ಉಕ್ರೇನಿನ ಕ್ರೋಕ್ ವೈದ್ಯಕೀಯ ಪರೀಕ್ಷೆ, ಹೊರದೇಶದಲ್ಲಿ ಓದಿದವರು ಇಲ್ಲಿ ಬರೆಯುವ ಎಫ್‌ಎಂಜಿಇ ಅಂತ ತುಂಬಿಹೋಯಿತು. ಅಲ್ಲೇ ಉಳಿದ ಸಹಪಾಠಿಗಳು ಮ್ಯೂಟ್ ಮಾಡಿಕೊಂಡರು. ‘ಎಲ್ಲರೂ ಹೇಗಿದ್ದೀರಿ’ ಅಂತ ಮೊದಲ ಸಲ ಕೇಳಿದಾಗ ಉತ್ತರ ಬಂದದ್ದು ಒಂಬತ್ತೋ ಹತ್ತೋ.

ಆ ಪ್ರಶ್ನೆಯೇ ತಪ್ಪು. ಅದಕ್ಕೆ ಉತ್ತರ ಬರೆಯಲು ಮನಸ್ಸು ಬೇಕು, ಸಮಯ ಬೇಕು. 48 ತಾಸು ಡ್ಯೂಟಿ ಮುಗಿಸಿದವರ ಹತ್ತಿರ ಎರಡೂ ಇರುವುದಿಲ್ಲ. ಅಲ್ಲಿನವರು ತಮ್ಮತಮ್ಮಲ್ಲಿ ಮಾಡುವುದು ನೋಡಿ: ಬರೇ ‘+’ ಕಳಿಸುತ್ತಾರೆ, ಬದುಕಿದ್ದೇನೆ ಅಂತ. ಸೇನೆಯಲ್ಲಿರುವವರು ‘4.5.0’ ಅನ್ನುತ್ತಾರೆ, ಎಲ್ಲ ಶಾಂತ ಅಂತ. ನಾನು ಅದನ್ನೇ ಎತ್ತಿಕೊಂಡೆ. ಹದಿನೈದು ದಿನಕ್ಕೊಂದು ಭಾನುವಾರ ಹಾಜರಿ, ಉತ್ತರ ‘+’. ಬೇರೆ ಮಾತು ಇಷ್ಟವಿದ್ದರೆ ಮಾತ್ರ, ಪ್ರತ್ಯೇಕವಾಗಿ.

ಸಮಯ ಹಿಡಿಯುವುದಕ್ಕೇ ನಾಲ್ಕೈದು ತಿಂಗಳು ಹೋಯಿತು. ನಮಗೂ ಅವರಿಗೂ ಚಳಿಗಾಲದಲ್ಲಿ ಮೂರೂವರೆ ತಾಸು ಅಂತರ, ಬೇಸಿಗೆಯಲ್ಲಿ ಎರಡೂವರೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ, ಆ ದಿನದ ಹಾಜರಿ ಎರಡು ಸಲ ಕೆಟ್ಟಿತು. ಬೆಳಿಗ್ಗೆ 9ಕ್ಕೆ ಅಲ್ಲಿ ದಿನಾ ಒಂದು ನಿಮಿಷದ ಮೌನ, ಆ ಹೊತ್ತಿಗೆ ಮೆಸೇಜ್ ಹಾಕುವುದು ಸರಿಯಲ್ಲ. ಈಗ ಕೀವ್ ಸಮಯ ಸಂಜೆ 6 ಅಂತಲೇ ಶೀಟಿನಲ್ಲಿ ಬರೆದಿದ್ದೇನೆ, ನಮ್ಮ ಸಮಯ ಬರೆಯುವುದೇ ಇಲ್ಲ. ಅಲ್ಲಿ ಮನೆಗಳನ್ನು ಗುಂಪು ಮಾಡಿ ಸರದಿಯ ಮೇಲೆ ಕರೆಂಟು ತೆಗೆಯುತ್ತಾರೆ, ಆ ಸರದಿ ಸಂಖ್ಯೆಗೂ (1.1ರಿಂದ 6.2ರವರೆಗೆ) ಒಂದು ಕಾಲಂ ಇದೆ. ಉತ್ತರ ಬರದಿದ್ದರೆ ಗಾಬರಿಗೆ ಮುಂಚೆ ಆ ಕಾಲಂ ನೋಡಿ. ಮುಕ್ಕಾಲು ಪಾಲು ಮೌನಕ್ಕೆ ಕಾರಣ ಅಲ್ಲೇ ಸಿಗುತ್ತದೆ.

ನಂಬರುಗಳ ಕೆಲಸ ಬೇಸರದ್ದು, ಆದರೆ ಗೆದ್ದದ್ದು ಅಲ್ಲೇ. ಹಾಸ್ಟೆಲಿನಲ್ಲಿದ್ದಾಗ ಎಲ್ಲರೂ 050, 067, 093 ಅಂತ ಹತ್ತಂಕಿಯಲ್ಲೇ ಸೇವ್ ಮಾಡಿಕೊಂಡದ್ದು. ಊರಿಗೆ ಬಂದು ಇಲ್ಲಿನ ಸಿಮ್ ಹಾಕಿದರೆ ವಾಟ್ಸಾಪ್, ವೈಬರ್ ಎರಡಕ್ಕೂ ಅವು ಯಾರೆಂದೇ ಗೊತ್ತಾಗುವುದಿಲ್ಲ. ಮುಂದೆ +38 ಸೇರಿಸಿ, ಸೊನ್ನೆ ತೆಗೆಯಬೇಡಿ. ದೇಶದ ಕೋಡ್ 380 ಅಂತ ಓದಿ, ಸೊನ್ನೆ ಹಾಗೇ ಬಿಟ್ಟು ಮುಂದೆ +380 ಹಾಕಿದವರ ನಂಬರುಗಳೆಲ್ಲ ಒಂದಂಕಿ ಉದ್ದವಾಗಿ ಸತ್ತವು. ಹೆಸರಿನದ್ದು ಇನ್ನೊಂದು ಫಜೀತಿ: ನಾವು ನಿಕೊಲಾಯ್ ಅಂತ ಕರೆದವನು ಈಗ ಎಲ್ಲ ಕಡೆ ಮಿಕೊಲಾ. ಮದುವೆಯಾದ ಹುಡುಗಿಯರ ಮನೆತನದ ಹೆಸರು ಬದಲು. ಶೀಟಿನಲ್ಲಿ ಹಳೆಯದು, ಹೊಸದು ಎರಡೂ ಇರಲಿ.

ಒಬ್ಬೊಬ್ಬರನ್ನು ತಲುಪಲು ಮೂರು ದಾರಿ ಬೇಕು, ಮೂರೂ ಒಂದೇ ಕಂಪನಿಯ ಸಿಮ್ ಮೇಲೆ ನಿಂತಿರಬಾರದು. ಇದನ್ನು ಕಲಿಸಿದ್ದು 2023ರ ಡಿಸೆಂಬರ್ 12. ಸೈಬರ್ ದಾಳಿಗೆ ಉಕ್ರೇನಿನ ಮೊಬೈಲ್ ಕಂಪನಿ ಕೀವ್‌ಸ್ಟಾರ್‌ನ ನೆಟ್‌ವರ್ಕ್ ಮಲಗಿತು, ನಮ್ಮ ಪಟ್ಟಿಯಲ್ಲಿ ಅಲ್ಲಿದ್ದವರು ಅರ್ಧಕ್ಕರ್ಧ ಕಾಣೆ. ಮೂರನೆಯ ದಾರಿ ಅಂತ ಸ್ಕೈಪಿನಲ್ಲಿ ಹಣ ಹಾಕಿಟ್ಟು ಅವರವರ ತಾಯಂದಿರ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಿದ್ದೆ. 2025ರ ಮೇ ತಿಂಗಳಲ್ಲಿ ಸ್ಕೈಪೇ ಮುಚ್ಚಿತು. ಈಗ ಎಸ್‌ಎಂಎಸ್. ಒಂದಕ್ಕೆ ಐದು ರೂಪಾಯಿ ಹತ್ತಿರ ಬೀಳುತ್ತದೆ. ಕನ್ನಡದಲ್ಲೋ ಉಕ್ರೇನಿಯನ್ನಿನಲ್ಲೋ ಬರೆದರೆ 70 ಅಕ್ಷರಕ್ಕೇ ಒಂದು ಮೆಸೇಜ್ ಮುಗಿಯುತ್ತದೆ, ಇಂಗ್ಲಿಷ್ ಅಕ್ಷರವಾದರೆ 160. ಭಾಷಾಭಿಮಾನಕ್ಕೆ ಮೊದಲ ವರ್ಷ ದಂಡ ಕಟ್ಟಿದ್ದೇನೆ, ನಾನೂರೋ ಐನೂರೋ.

ಜರ್ಮನಿ, ಪೋಲೆಂಡ್ ಸೇರಿದವರದ್ದು ಬೇರೆ ಸಮಸ್ಯೆ. ಹಳೆಯ ಸಿಮ್‌ಗೆ ರೀಚಾರ್ಜ್ ಮಾಡದೆ ಬಿಟ್ಟರೆ ನಂಬರ್ ಇನ್ನೊಬ್ಬರ ಕೈಗೆ ಹೋಗುತ್ತದೆ. ಮೂರು ಸಲ ಹಾಜರಿ ಹಾಕಿದ್ದು ಅಪರಿಚಿತರು! ಅದರಿಂದಲೇ ಗುರುತಿನ ಪ್ರಶ್ನೆ ಬಂದದ್ದು: ಹೊಸ ನಂಬರಿನಿಂದ ಬಂದವರಿಗೆ, ಹಣ ಕೇಳಿದವರಿಗೆ ಒಂದು ಪ್ರಶ್ನೆ. ಹಾಸ್ಟೆಲಿನ ಅಡುಗೆಮನೆಗೆ ಸಂಬಂಧಿಸಿದ್ದು ಅಂತಷ್ಟೇ ಹೇಳಬಲ್ಲೆ. ನಿಮ್ಮ ಬ್ಯಾಚಿನದ್ದು ನೀವೇ ಮಾಡಿಕೊಳ್ಳಿ. ಫೋಟೊದಲ್ಲಿ ಇಲ್ಲದ್ದು, ಫೇಸ್‌ಬುಕ್ಕಿನಲ್ಲಿ ಸಿಗದ್ದು ಆಗಿರಬೇಕು.

ನಿಜವಾದ ಮದ್ದು ಜೋಡಿ ಪದ್ಧತಿ. 64 ಜನರನ್ನೂ ನಾನೊಬ್ಬನೇ ಕೂಗಿದರೆ ಆಗುವುದಿಲ್ಲ. ಒಬ್ಬೊಬ್ಬರಿಗೆ ಇಬ್ಬರ ಹೊಣೆ. ಆ ಇಬ್ಬರಲ್ಲಿ ಒಬ್ಬರು ಉಕ್ರೇನಿನಲ್ಲಿದ್ದರೆ ಇನ್ನೊಬ್ಬರು ಹೊರಗಿರಬೇಕು. ಜಿಗರಿ ದೋಸ್ತರನ್ನು ಜೋಡಿ ಮಾಡಿದ್ದು ಕೈಕೊಟ್ಟಿತು. ಅವರು ದಿನಾ ಮಾತಾಡುತ್ತಾರೆ, ‘+’ ಒತ್ತುವುದನ್ನೇ ಮರೆಯುತ್ತಾರೆ. ಪ್ರಾಕ್ಟಿಕಲ್‌ನಲ್ಲಿ ಒಂದೇ ಟೇಬಲಿಗೆ ನಿಂತಿದ್ದವರು, ಅಷ್ಟಕ್ಕಷ್ಟೇ ಪರಿಚಯ, ಅಂಥವರದ್ದು ಗಟ್ಟಿಯಾಗಿ ನಿಂತಿತು. ಜೋಡಿ ಹೇಗೆ ಆರಿಸುತ್ತೇನೆ ಅನ್ನುವ ಲೆಕ್ಕ ಇನ್ನೊಂದಿದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಎಲ್ಲಿದ್ದೀಯ ಅಂತ ಕೇಳಬಾರದು, ಇದು ನಿಯಮ. 2023ರ ಅಕ್ಟೋಬರಿನಿಂದ ಉಕ್ರೇನಿನಲ್ಲಿ ವೈದ್ಯಕೀಯ ಓದಿದ ಹೆಣ್ಣುಮಕ್ಕಳೂ ಸೇನಾ ನೋಂದಣಿ ಮಾಡಿಸಬೇಕಾಗಿದೆ. ಯಾರು ಎಲ್ಲಿ ಡ್ಯೂಟಿಯಲ್ಲಿದ್ದಾರೋ ಅದು ನಮ್ಮ ಶೀಟಿಗೆ ಬರಕೂಡದು. ದಾಳಿಯಾದ ಜಾಗದ ಫೋಟೊ ಕೇಳುವುದೂ ಬೇಡ, ಅದನ್ನು ಹಂಚಿದರೆ ಅಲ್ಲಿನ ಕಾನೂನಿನಲ್ಲಿ ಕಳಿಸಿದವರಿಗೇ ಕುತ್ತು. ರಷ್ಯಾ ಹಿಡಿದಿರುವ ಕಡೆ ಉಳಿದವರು ಇಬ್ಬರೋ ಮೂವರೋ. ಅವರಿಗೆ ನಾವಾಗಿ ಮೆಸೇಜ್ ಮಾಡುವುದೇ ಇಲ್ಲ. ಚೆಕ್‌ಪೋಸ್ಟಿನಲ್ಲಿ ಫೋನ್ ತೆರೆಸಿ ನೋಡುತ್ತಾರೆ. ಅವರಾಗಿ ಬರೆದಾಗ ಉತ್ತರ ಕೊಟ್ಟು, ಎರಡೂ ಕಡೆ ಅಳಿಸುತ್ತೇವೆ.

ನಡುವೆ ಒಂದು ಪ್ರಯೋಗ, ಚೆಸ್. ಲಿಚೆಸ್ ಅನ್ನುವ ಚೆಸ್ ತಾಣದಲ್ಲಿ ಒಂದು ನಡೆಗೆ 14 ದಿನದ ತನಕ ಕೊಡುವ ಆಟವಿದೆ, ಡೇಟಾ ಬೇಕಾಗುವುದು ಎಳ್ಳಷ್ಟು. ಕುದುರೆ ಮುಂದೆ ಬಂದರೆ ಆಸಾಮಿ ಚೆನ್ನಾಗಿದ್ದಾನೆ ಅಂತ ಲೆಕ್ಕ. ಹನ್ನೊಂದು ಜನ ಶುರುಮಾಡಿದರು, ನಾಲ್ವರು ಉಳಿದರು. ಸೋಲುತ್ತಿರುವವನು ಕ್ಷೇಮವಾಗಿದ್ದೂ ನಡೆಸುವುದಿಲ್ಲ, ಅದೇ ದೋಷ.

ಹಣ ಹೋದದ್ದು ಹೆಚ್ಚಾಗಿ, ಕರೆಂಟಿಲ್ಲದಾಗ ಅಲ್ಲಿನವರ ರೂಟರ್ ನಡೆಸುವ ಪವರ್‌ಬ್ಯಾಂಕಿಗೆ. ಇಲ್ಲಿಂದ ಕಳಿಸಲು ಹೋಗಬೇಡಿ, ಲಿಥಿಯಂ ಬ್ಯಾಟರಿಯನ್ನು ಅಂಚೆಯಲ್ಲಿ ತೆಗೆದುಕೊಳ್ಳುವುದಿಲ್ಲ. ಎರಡು ಡಬ್ಬಿ ವಾಪಸ್ ಬಂದವು, ಸಾಗಣೆ ದುಡ್ಡು ನಾಲ್ಕು ಸಾವಿರ ನೀರಿಗೆ. ಪೋಲೆಂಡಿನಲ್ಲಿರುವ ಸಹಪಾಠಿಗೆ ಹೇಳಿ ಅಲ್ಲಿಂದಲೇ ಕೊಡಿಸಿದೆವು. 10,000 ಎಂಎಎಚ್ ಅಂದರೆ 37 ವ್ಯಾಟ್-ಅವರ್. ರೂಟರ್ ಮತ್ತು ಫೈಬರ್ ಡಬ್ಬಿ ಎರಡೂ ಸೇರಿ ಹತ್ತು ವ್ಯಾಟ್ ತಿಂದರೆ, ನಷ್ಟ ಕಳೆದು ಎರಡೂವರೆ ತಾಸು. ಹಾಗಾಗಿ 20,000 ಬೇಕೇ ಬೇಕು. ಯುಎಸ್‌ಬಿಯಿಂದ 12 ವೋಲ್ಟ್ ಮಾಡುವ ಕೇಬಲ್ ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಓದಿ. 9 ವೋಲ್ಟಿನದ್ದಕ್ಕೆ 12 ಕೊಟ್ಟು ಒಂದು ಸುಟ್ಟಿದೆ. ಇಷ್ಟೆಲ್ಲ ಮಾಡಿದರೂ ಫೈಬರ್ ಮನೆಯೊಳಗೇ ಬಂದಿದ್ದರೆ ಮಾತ್ರ ಉಪಯೋಗ. ಕಟ್ಟಡದ ಕೆಳಗೆ ನೆಟ್‌ವರ್ಕ್ ಸ್ವಿಚ್ ಇಟ್ಟು ಅಲ್ಲಿಂದ ತಾಮ್ರದ ತಂತಿ ಎಳೆದಿದ್ದರೆ ಕರೆಂಟಿನ ಜೊತೆ ನೆಟ್ಟೂ ಹೋಗುತ್ತದೆ. ಅಂಥವರಿಗೆ ದುಡ್ಡು ಹಾಕಬೇಡಿ, ಎರಡನೆಯ ಸಿಮ್ ಕೊಡಿಸಿ. ಮೂರು ಚಳಿಗಾಲಕ್ಕೆ ಎಲ್ಲ ಸೇರಿ ಅರವತ್ತು ಸಾವಿರ ದಾಟಿರಬಹುದು, ತಲೆಗೆ ಸಾವಿರದೊಳಗೆ.

ಉತ್ತರ ಬರದವರಿಗೆ ಹೀಗೆ: ಭಾನುವಾರ ಸರದಿ ನೋಡು, ಮಂಗಳವಾರ ಎಸ್‌ಎಂಎಸ್, ಗುರುವಾರ ಜೋಡಿಯವರಿಂದ ಮನೆಯವರಿಗೆ ಒಂದು ಕರೆ, ಒಂದೇ. ಅದಕ್ಕೂ ಮುಂಚೆ ಗ್ರೂಪಿನಲ್ಲಿ ಹೆಸರೆತ್ತಿದವರನ್ನು ಒಂದು ತಿಂಗಳು ಹೊರಗಿಡುತ್ತೇನೆ. ಇಲ್ಲಿಯತನಕ ಇಬ್ಬರನ್ನು ಇಟ್ಟಿದ್ದೇನೆ, ಇಬ್ಬರೂ ನಮ್ಮ ಊರಿನ ಕಡೆಯವರೇ.