ದಿನದ ಕ್ಯಾಲೊರಿ ಮಿತಿ: ಉಳಿದದ್ದೆಷ್ಟೆಂದು ಸ್ಪ್ರೆಡ್‌ಶೀಟ್ ಹೇಳಲಿ

ವೈದ್ಯರೋ ಆಹಾರತಜ್ಞರೋ ದಿನಕ್ಕೆ ಇಂತಿಷ್ಟೇ ಕ್ಯಾಲೊರಿ ಎಂದು ಮಿತಿ ಗೊತ್ತುಮಾಡಿಕೊಟ್ಟ ಮೇಲೆ, ಪ್ರತಿ ಊಟಕ್ಕೂ ಮೊದಲು ತಿಳಿಯಬೇಕಾದದ್ದು ಇಂದಿನ ಪಾಲಿನಲ್ಲಿ ಇನ್ನೆಷ್ಟು ಉಳಿದಿದೆ ಎಂಬುದು. ಎರಡು ಹಾಳೆಗಳ ಒಂದು ಸ್ಪ್ರೆಡ್‌ಶೀಟ್ ಇದ್ದರೆ ಇದಕ್ಕೆ ಸಾಕು.

ಮೊದಲ ಹಾಳೆಗೆ ‘ಪಟ್ಟಿ’ ಎಂದು ಹೆಸರಿಟ್ಟು, ಎ ಕಾಲಂನಲ್ಲಿ ಆಹಾರದ ಹೆಸರನ್ನೂ ಬಿ ಕಾಲಂನಲ್ಲಿ 100 ಗ್ರಾಂಗೆ ಎಷ್ಟು ಕ್ಯಾಲೊರಿ ಎಂಬುದನ್ನೂ ಬರೆಯಿರಿ. ಪೊಟ್ಟಣದ ಮೇಲೆ ಕಿಲೊಜೌಲ್ ಮಾತ್ರ ಇದ್ದರೆ ಅದನ್ನು 4.184ರಿಂದ ಭಾಗಿಸಿ.

ಎರಡನೆಯ ಹಾಳೆ ದಿನಚರಿ. ಎ, ಬಿ, ಸಿ, ಡಿ ಕಾಲಂಗಳು ಕ್ರಮವಾಗಿ ದಿನಾಂಕ, ಆಹಾರ, ಗ್ರಾಂ ಮತ್ತು ಕ್ಯಾಲೊರಿಗೆ. ದಿನದ ಮಿತಿ ಎಫ್1ರಲ್ಲಿ ಇರಲಿ. ಗ್ರಾಂ ಕಾಲಂನಲ್ಲಿ ಬರೀ 250 ಎಂದು ಬರೆಯಬೇಕು. ‘250 ಗ್ರಾಂ’ ಎಂದು ಬರೆದರೆ ಅದು ಪಠ್ಯವಾಗಿಬಿಡುತ್ತದೆ, ಗುಣಾಕಾರ ನಡೆಯುವುದಿಲ್ಲ. ಡಿ2ರಲ್ಲಿ ಈ ಸೂತ್ರವನ್ನು ಹಾಕಿ ಕೆಳಕ್ಕೆ ಎಳೆಯಿರಿ (ಫಂಕ್ಷನ್ ಹೆಸರು, ಕಾಲಂ ಅಕ್ಷರಗಳನ್ನು ಇಂಗ್ಲಿಷ್ ಲಿಪಿಯಲ್ಲೇ ಟೈಪ್ ಮಾಡಬೇಕು: ಇಫ್ ಎಂದರೆ IF, ವಿಲುಕಪ್ VLOOKUP, ಫಾಲ್ಸ್ FALSE; ಮುಂದೆ ಬರುವ ಸಮ್‌ಇಫ್ SUMIF, ಸಮ್‌ಇಫ್ಸ್ SUMIFS, ಟುಡೇ TODAY):

=ಇಫ್(ಬಿ2="","",ಸಿ2*ವಿಲುಕಪ್(ಬಿ2,'ಪಟ್ಟಿ'!$ಎ$2:$ಬಿ$200,2,ಫಾಲ್ಸ್)/100)

ಬಿ2ರಲ್ಲಿರುವ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ಅದರ ಎದುರಿನ ಕ್ಯಾಲೊರಿಯನ್ನು ತರುವುದು ವಿಲುಕಪ್‌ನ ಕೆಲಸ. 100 ಗ್ರಾಂಗೆ 60 ಕ್ಯಾಲೊರಿ ಇರುವ ಪದಾರ್ಥವನ್ನು 250 ಗ್ರಾಂ ತಿಂದರೆ 150 ಎಂದು ಬರುತ್ತದೆ. ಸೂತ್ರವನ್ನು ಎಳೆದಾಗ ಪಟ್ಟಿಯ ವ್ಯಾಪ್ತಿ ಜಾರದಂತೆ ಹಿಡಿದಿಡುವುದು ಡಾಲರ್ ಚಿಹ್ನೆ. ಕೊನೆಯ ‘ಫಾಲ್ಸ್’ ಅನ್ನು ಮಾತ್ರ ಎಂದಿಗೂ ಬಿಡಬೇಡಿ. ಅದಿಲ್ಲದಿದ್ದರೆ ವಿಲುಕಪ್ ಹೆಸರು ನಿಖರವಾಗಿ ಹೊಂದದಿದ್ದರೂ ಹತ್ತಿರದ ಬೇರೊಂದು ಸಾಲಿನ ಅಂಕಿಯನ್ನು ಸದ್ದಿಲ್ಲದೆ ತಂದುಕೊಡಬಹುದು, ಮತ್ತು ಆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ‘ಫಾಲ್ಸ್’ ಇದ್ದಾಗ ಪಟ್ಟಿಯಲ್ಲಿಲ್ಲದ ಹೆಸರಿಗೆ ‘ಎನ್/ಎ’ ಎಂಬ ದೋಷಸೂಚನೆ ಬರುತ್ತದೆ. ಇಫ್‌ಎರರ್ ಬಳಸಿ ಅದನ್ನು ಸೊನ್ನೆಯಾಗಿಸುವ ಸಲಹೆ ಹಲವೆಡೆ ಸಿಗುತ್ತದೆ. ಆಹಾರದ ಲೆಕ್ಕದಲ್ಲಿ ಅದು ಅಪಾಯ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ತಿಂದದ್ದು ಲೆಕ್ಕದಿಂದ ಮಾಯವಾಗಿ, ಇನ್ನೂ ತಿನ್ನಲು ಅವಕಾಶವಿದೆ ಎಂದು ಹಾಳೆ ತೋರಿಸುತ್ತದೆ. ಬಿ ಕಾಲಂಗೆ ಡೇಟಾ ವ್ಯಾಲಿಡೇಷನ್ ಹಾಕಿ ಹೆಸರನ್ನು ಪಟ್ಟಿಯಿಂದಲೇ ಆರಿಸುವಂತೆ ಮಾಡಿದರೆ ಕಾಗುಣಿತದ ತೊಂದರೆ ತಪ್ಪುತ್ತದೆ.

ಇನ್ನು ಎಫ್2ರಲ್ಲಿ ಉಳಿಕೆ:

=ಎಫ್1-ಸಮ್‌ಇಫ್(ಎ:ಎ,ಟುಡೇ(),ಡಿ:ಡಿ)

ಎ ಕಾಲಂನಲ್ಲಿ ಇಂದಿನ ದಿನಾಂಕವಿರುವ ಸಾಲುಗಳ ಕ್ಯಾಲೊರಿಯನ್ನಷ್ಟೇ ಕೂಡಿಸಿ ಮಿತಿಯಿಂದ ಕಳೆಯುವುದರಿಂದ, ಮಧ್ಯರಾತ್ರಿ ಕಳೆದ ಮೇಲೆ ಹಾಳೆ ಮರುಲೆಕ್ಕವಾದಾಗ ಪೂರ್ತಿ ಪಾಲು ಮತ್ತೆ ಕಾಣಿಸುತ್ತದೆ. ಆದರೆ ಎ ಕಾಲಂನ ದಿನಾಂಕಕ್ಕೆ ಟುಡೇ ಬಳಸಕೂಡದು; ನಾಳೆ ಅದು ನಾಳೆಯ ದಿನಾಂಕವಾಗಿ ಬದಲಾಗಿ, ಹಳೆಯ ಊಟಗಳೆಲ್ಲ ಹೊಸ ದಿನದ ಲೆಕ್ಕಕ್ಕೆ ಸೇರುತ್ತವೆ. ಕಂಟ್ರೋಲ್ ಕೀಲಿಯೊಂದಿಗೆ ಅರ್ಧವಿರಾಮದ ಕೀಲಿಯನ್ನು ಒತ್ತಿದರೆ ಬದಲಾಗದ ದಿನಾಂಕ ಸಿಗುತ್ತದೆ. ಉಳಿಕೆ ಸೊನ್ನೆಗಿಂತ ಕೆಳಗಿಳಿದಾಗ ಎಫ್2 ಕೆಂಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿಕೊಳ್ಳಬಹುದು.

ಒಂದು ದಿನದ ಏರಿಳಿತಕ್ಕಿಂತ ವಾರದ ಸರಾಸರಿ ಹೆಚ್ಚು ತಿಳಿಸುತ್ತದೆ. ಅದಕ್ಕೆ ಎಫ್3ರಲ್ಲಿ, ನಿನ್ನೆಗೆ ಮುಗಿದ ಏಳು ದಿನಗಳಿಗಾಗಿ:

=ಸಮ್‌ಇಫ್ಸ್(ಡಿ:ಡಿ,ಎ:ಎ,">="&ಟುಡೇ()-7,ಎ:ಎ,"<"&ಟುಡೇ())/7

ಇಂದಿನ ದಿನವಿನ್ನೂ ಮುಗಿದಿಲ್ಲವಾದ್ದರಿಂದ ಅದನ್ನು ಇಲ್ಲಿ ಬಿಡಲಾಗಿದೆ. ನಡುವೆ ಯಾವುದಾದರೂ ದಿನ ಬರೆಯುವುದು ತಪ್ಪಿದ್ದರೆ ಸರಾಸರಿ ಸುಳ್ಳಾಗಿ ಇಳಿಯುತ್ತದೆ. ಆಗ 7ರ ಬದಲು ಬರೆದ ದಿನಗಳ ಸಂಖ್ಯೆಯಿಂದಲೇ ಭಾಗಿಸಿ.