ಬೆರಳು ತೊಳೆಸುವ ಕೆಲಸ

ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡುವ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿಯ ಅಂಗನವಾಡಿಗಳನ್ನು ಸುತ್ತಿದ ಲ್ಯಾಬ್ ಟೆಕ್ನೀಷಿಯನ್ ನಾನು. ಯಂತ್ರ ನಡೆಸುವುದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತೆ. ಮಕ್ಕಳ ಬೆರಳು ತೊಳೆಸುವುದನ್ನು ಕಲಿಯಲು ಒಂದು ವರ್ಷ ಹಿಡಿಯಿತು.

ಬೆರಳಿಗೆ ಚುಚ್ಚಿ ಸಣ್ಣ ನಳಿಗೆಯಲ್ಲಿ 50 ಮೈಕ್ರೋಲೀಟರ್ ರಕ್ತ ತೆಗೆಯುತ್ತೇವೆ. ಅದನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲವಿರುವ ಪುಟ್ಟ ಶೀಶೆಗೆ ಹಾಕಿ ಮೆಲ್ಲಗೆ ತಿರುವಿದರೆ ಕೆಂಪು ರಕ್ತಕಣಗಳು ಒಡೆದು ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ಕಣಗಳೊಳಗಿದ್ದ ಸೀಸ ಹೊರಬರುತ್ತದೆ. ಅದರ ಒಂದು ಹನಿಯನ್ನು ಸೆನ್ಸರ್ ಪಟ್ಟಿಯ ಮೇಲಿಟ್ಟರೆ, ಕಡಗೋಲಿಗೆ ಬೆಣ್ಣೆ ಹತ್ತಿದಂತೆ ಸೀಸ ಎಲೆಕ್ಟ್ರೋಡಿಗೆ ಹತ್ತುತ್ತದೆ. ಯಂತ್ರ ಅದನ್ನು ಮತ್ತೆ ಕಳಚಿ, ಆಗ ಹರಿಯುವ ವಿದ್ಯುತ್ತನ್ನು ಅಳೆಯುತ್ತದೆ. ಮೂರು ನಿಮಿಷಕ್ಕೆ ಅಂಕಿ ಬರುತ್ತದೆ, ಡೆಸಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು. 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೀಸ ಎಲ್ಲಿಂದ ಬಂತೆಂದು ಹುಡುಕಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1999ರಲ್ಲಿ ಪ್ರಕಟಿಸಿದ ಏಳು ನಗರಗಳ ಸಮೀಕ್ಷೆಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು 10 ದಾಟಿದ್ದರು. ಸೀಸ ಬೆರೆಸಿದ ಪೆಟ್ರೋಲು ನಿಂತದ್ದು ಅದರ ಮರುವರ್ಷ, 2000ದಲ್ಲಿ.

ಯಂತ್ರಕ್ಕೆ ಸೆಕೆ ಆಗದು. ಸುತ್ತಲಿನ ಉಷ್ಣತೆ 36 ಡಿಗ್ರಿ ದಾಟಿದರೆ ಮುಷ್ಕರ ಹೂಡುತ್ತದೆ. ನಮ್ಮ ಏಪ್ರಿಲಿನಲ್ಲಿ ತಗಡಿನ ಮಾಡಿನ ಕೋಣೆಯೊಳಗೆ ಕೂತು ಅದರ ಮನವೊಲಿಸಲು ಹೋಗಿ ದುಬಾರಿ ಸೆನ್ಸರುಗಳನ್ನು ಹಾಳುಮಾಡಿಕೊಂಡಿದ್ದೇನೆ. ಆಮ್ಲಕ್ಕೆ ಬೆರೆಸಿದ ರಕ್ತ 48 ಗಂಟೆ ಕೆಡುವುದಿಲ್ಲವಾದ್ದರಿಂದ, ಬೆಳಿಗ್ಗೆ ರಕ್ತ ತೆಗೆದು ಸಂಜೆ ತಂಪಿನಲ್ಲಿ ಯಂತ್ರದ ಮುಂದೆ ಕೂರುವ ಪದ್ಧತಿ ಮಾಡಿಕೊಂಡೆ.

ನನಗೆ ಪಾಠ ಕಲಿಸಿದವಳು ನಾಲ್ಕು ವರ್ಷದ ಒಬ್ಬ ಹುಡುಗಿ. ಅವಳ ಅಪ್ಪ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕೈಯನ್ನು ನಾನೇ ಸಾಬೂನು ಹಚ್ಚಿ ಉಗುರಿನ ಸಂದಿಯವರೆಗೂ ತೊಳೆದಿದ್ದೆ. ಸ್ಪಿರಿಟ್ ಹಚ್ಚಿ, ಚುಚ್ಚಿ, ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದೆ. ಬಂದದ್ದು 23.6. ಅವಳ ಅಕ್ಕಪಕ್ಕ ಕೂತ ಮಕ್ಕಳೆಲ್ಲ 4, 5ರ ಆಸುಪಾಸಿನಲ್ಲಿದ್ದರು. 45 ದಾಟಿದರೆ ಮಾತ್ರ ಸೀಸ ಹೊರಹಾಕುವ ಔಷಧದ ಮಾತು, ಆದರೂ 23 ಎಂದರೆ ಎದೆ ಝಲ್ಲೆನ್ನುತ್ತದೆ.

ಮರುದಿನ ಮತ್ತೆ ಕರೆಸಿದೆ. ಕೈ ತೊಳೆದೆ. ಹತ್ತಿ ತೆಗೆದುಕೊಳ್ಳಲು ಆಚೆ ತಿರುಗಿ ಈಚೆ ನೋಡುವಷ್ಟರಲ್ಲಿ ತಾಯಿ ಮಗಳ ಒದ್ದೆ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಒತ್ತಿ ಒರೆಸುತ್ತಿದ್ದಳು. ಯಾವ ತಾಯಿಯಾದರೂ ಮಾಡುವ ಕೆಲಸ. ಹಿಂದಿನ ದಿನವೂ ಇದೇ ನಡೆದಿತ್ತು, ನಾನು ನೋಡಿರಲಿಲ್ಲ. “ಒರೆಸಬೇಡವಮ್ಮಾ” ಎಂದೆ. “ಒಗೆದ ಸೀರೆ ಅಕ್ಕೋರೇ” ಎಂದಳು, ಸ್ವಲ್ಪ ನೊಂದುಕೊಂಡು. ಮತ್ತೆ ತೊಳೆದು, ಹೊಸ ಕಾಗದದಲ್ಲಿ ಒಣಗಿಸಿ ತೆಗೆದ ರಕ್ತ 9.1 ತೋರಿಸಿತು. ತೋಳಿನ ರಕ್ತನಾಳದಿಂದ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದ ಮಾದರಿಯೂ ಅದರ ಹತ್ತಿರವೇ ಬಂತು.

23ನ್ನು ಹೊಡೆದು ಹಾಕಬೇಕೆಂಬುದು ನಿಯಮ. ಹಾಕಿದೆ. ಆದರೆ ಆ ಸೀಸ ಸೆರಗಿಗೆ ಬಂದದ್ದಾದರೂ ಎಲ್ಲಿಂದ?

ಕ್ಷ-ಕಿರಣದಿಂದ ಲೋಹ ಗುರುತಿಸುವ ಪಿಸ್ತೂಲಿನಂಥ ಯಂತ್ರವೊಂದನ್ನು ಎರಡು ದಿನಕ್ಕೆ ಎರವಲು ಪಡೆದು ಅವರ ಮನೆಗೆ ಹೋದೆವು. ಮೊದಲು ನನ್ನ ಅನುಮಾನವೆಲ್ಲ ಅಡುಗೆಮನೆಯ ಮೇಲೆ. ಬಣ್ಣಕ್ಕೆ ಸೀಸದ ಕ್ರೋಮೇಟ್ ಬೆರೆಸಿದ ಅರಿಶಿನ ಇದ್ದೇ ಇದೆಯಲ್ಲ. ಅರಿಶಿನ, ಕುಂಕುಮ, ಕಾಡಿಗೆ, ಕಲಾಯಿ ಮಾಡಿಸಿದ ಪಾತ್ರೆ, ಬಾಗಿಲಿನ ಹಳದಿ ಬಣ್ಣ, ಯಾವುದರಲ್ಲೂ ಗಾಬರಿಪಡುವಂಥದ್ದು ಸಿಗಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಅಪ್ಪನ ಅಂಗಿಗೆ ಹಿಡಿದಾಗ ಪರದೆಯಲ್ಲಿ ಸೀಸದ ಗೆರೆ ಮೇಲಕ್ಕೆ ಎದ್ದು ನಿಂತಿತು. ಸ್ಕೂಟರಿನ ಸೀಟಿನಲ್ಲೂ ಇತ್ತು. ಅಂಗಿಯ ಕೆಳಗೆ ಹುಡುಗಿಯ ಹಾಸಿಗೆ.

ಮಣ್ಣಿಗೆಂದು ಹೊಂದಿಸಿದ ಈ ಯಂತ್ರ ತೆಳು ಬಟ್ಟೆಯ ಮೇಲೆ ತೋರಿಸುವ ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಲೆಕ್ಕವನ್ನು ನಾನು ನಂಬುವುದಿಲ್ಲ. ಸೀಸ ಇದೆಯೋ ಇಲ್ಲವೋ ಎಂಬುದಕ್ಕಷ್ಟೇ ಅದು ಸಾಕ್ಷಿ. ಅದೇ ಪರದೆ ಆರ್ಸೆನಿಕ್ ಇದೆ ಎಂದೂ ಹೇಳಿತು, ಅದನ್ನೂ ಬರೆದುಕೊಳ್ಳಲಿಲ್ಲ. ಎರಡೂ ಹೊಮ್ಮಿಸುವ ಮುಖ್ಯ ಕ್ಷ-ಕಿರಣಗಳು ಹತ್ತೂವರೆ ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಬಳಿ ಒಂದರ ಮೇಲೊಂದು ಬೀಳುತ್ತವೆ, ಸೀಸ ಜಾಸ್ತಿಯಿದ್ದಲ್ಲಿ ಆರ್ಸೆನಿಕ್ ಸುಳ್ಳುಸುಳ್ಳೇ ಕಾಣಿಸಿಕೊಳ್ಳುತ್ತದೆ.

ತಾಯಿ ದಿನವೂ ಆ ಅಂಗಿಯನ್ನು ಕೊಡವಿ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಅಪ್ಪ ಅಂಗಡಿಯಲ್ಲೇ ಮೈತೊಳೆದು ಬಟ್ಟೆ ಬದಲಿಸಿ ಬರಲು ಒಪ್ಪಿದ, ಒಗೆಯಲು ಬೇರೆ ಬಕೆಟ್ ಬಂತು. ಕೆಲಸ ಬಿಡು ಎನ್ನಲು ನಾನ್ಯಾರು? ರಕ್ತದ ಸೀಸ ಅರ್ಧಕ್ಕಿಳಿಯಲು ತಿಂಗಳೊಂದು ಸಾಕಾದರೂ ಎಲುಬಿನಲ್ಲಿ ಕೂತದ್ದು ಮತ್ತೆ ಮತ್ತೆ ರಕ್ತಕ್ಕೆ ಬರುತ್ತಲೇ ಇರುತ್ತದೆ. ಮೂರು ತಿಂಗಳ ಮೇಲೆ 6.2 ಇತ್ತು.

ಆ ದಿನ ಹುಡುಗಿ ತಾನೇ ಕೈ ತೊಳೆದುಕೊಂಡು, ನೀರು ತೊಟ್ಟಿಕ್ಕುವ ಎರಡೂ ಕೈಗಳನ್ನು ಮೇಲೆತ್ತಿಕೊಂಡು ಬಂದಳು. ಹಿಂದೆ ಬಂದ ತಾಯಿ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು.